ಬುಕ್ಕಿನ ಬಾಲದ ‘ಉ’ಕಾರವನ್ನು ಕತ್ತರಿಸಿದ ಯಂತ್ರದವರಿಗೆ

ಕಿವಿಯೊಂದನ್ನೇ ಮೈಯಾಗಿ ಪಡೆದು ಹುಟ್ಟಿದ ಸಮಸ್ತ ಯಂತ್ರಗಳೇ, ಅವುಗಳೆದುರು ಗಂಟಲು ಸರಿಮಾಡಿಕೊಂಡು ಕುಳಿತು, ಬೆವರು ಗಳಿಸಿ ಅಂಕ ಕಳೆದುಕೊಂಡು ಎದ್ದುಬಂದ ನನ್ನ ಬಂಧುಬಳಗವೇ, ದಯವಿಟ್ಟು ಕುರ್ಚಿ ಎಳೆಯದೆ ಆಸೀನರಾಗಿ. ಕುರ್ಚಿಯ ಸದ್ದನ್ನೂ ನಮ್ಮ ಉಚ್ಚಾರಣೆಯ ದೋಷವೆಂದು ಬರೆದುಕೊಳ್ಳುವ ಮಹನೀಯರೊಬ್ಬರಿಗೆ ಈ ಪತ್ರ.

ಮಾನ್ಯ ಉಚ್ಚಾರಣಾ ಪರೀಕ್ಷಕ ಯಂತ್ರದವರೇ,

ತಮ್ಮ ಪಾದಗಳಿಗೆ, ಅವು ಇಲ್ಲದಿರುವುದರಿಂದ ತಮ್ಮ ವೈರುಗಳಿಗೆ, ಅನಂತ ವಂದನೆಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನೆಗಡಿ, ನಲವತ್ತೈದರ ಮಂಡಿನೋವು, ಏಳನೇ ತರಗತಿಯ ಕೊನೆಯ ಪೀರಿಯಡ್ಡು ಇವ್ಯಾವುವೂ ತಮ್ಮ ಹತ್ತಿರ ಸುಳಿಯುವುದಿಲ್ಲವಾದ್ದರಿಂದ ಕ್ಷೇಮವಾಗಿರದೆ ತಮಗೆ ಬೇರೆ ದಾರಿಯೂ ಇಲ್ಲ.

ನನ್ನ ನೆನಪು ತಮಗಿರಲಾರದು. ಗಾಜಿನ ಗೂಡುಗಳು ಸಾಲಾಗಿದ್ದ ಆ ಪರೀಕ್ಷಾ ಹಾಲ್‌ನಲ್ಲಿ, ಹಿಂದಿನವರ ಕಿವಿಯ ಬಿಸಿ ಇನ್ನೂ ಆರದ ಹೆಡ್‌ಫೋನು ತೊಟ್ಟು ತಮ್ಮ ಮುಂದೆ ಕೂತವಳು ನಾನು. ಕನ್ನಡ ಮಾಧ್ಯಮದಲ್ಲಿ ಪದವಿ ಪಡೆದು, ಆ ಪದವಿಯ ಬಲದ ಮೇಲೇ ಇಷ್ಟು ಕಾಲ ಇಂಗ್ಲಿಷ್ ಕಲಿಸಿಕೊಂಡು ಬಂದವಳು. ಪಕ್ಕದ ಗೂಡಿನಲ್ಲಿದ್ದವಳು ನನ್ನ ಗೆಳತಿ. ಸ್ಟಾಫ್‌ರೂಮಿನ ಒಂದೇ ಮೇಜಿನ ಎರಡು ತುದಿ ನಮ್ಮವು. ಮಾತು ಶುರುಮಾಡಿದರೆ ದೊಡ್ಡ ಸ್ಟೇಷನ್ನು ಬಂದ ಹೊರತು ನಿಲ್ಲುವವಳಲ್ಲವಾದ್ದರಿಂದ ಶಾಲೆಯಲ್ಲಿ ಅವಳ ಹೆಸರು ರೈಲು.

ದೂರದ ದೇಶದ ಶಾಲೆಯೊಂದು ಇಂಗ್ಲಿಷಿಗೆ ಇಬ್ಬರು ಶಿಕ್ಷಕಿಯರು ಬೇಕು, ಇಬ್ಬರಿಗೂ ಸೇರಿ ಒಂದು ಮನೆ ಕೊಡುತ್ತೇವೆ ಎಂದು ತಿಳಿಸಿದಾಗ, ‘ಹೋಗೋಣ ಬಾರೇ, ಇಲ್ಲೇ ಇದ್ರೆ ಇದೇ ಚಾಕ್‌ಪೀಸು, ನಾವೂ ಪೀಸು ಪೀಸು’ ಎಂದು ಪ್ರಾಸ ಕಟ್ಟಿದವಳು ನಾನು. ‘ನಿನ್ನ ಪ್ರಾಸಕ್ಕೆ ವೀಸಾ ಸಿಗುತ್ತಾ, ಮೊದ್ಲು ಅದನ್ನ ನೋಡು’ ಎಂದವಳು ಅವಳು. ಅಂದಿನಿಂದ ನಾವು ನಡೆಸಿದ ಸಿದ್ಧತೆಯನ್ನು ತಾವು ಕಂಡಿದ್ದರೆ ತಮ್ಮ ತಿರುಪುಗಳು ಕರಗುತ್ತಿದ್ದವು. ‘ಪ’ಕಾರದಲ್ಲಿ ಉಸಿರು ಸಾಲದೆಂದು ಯಾರೋ ಹೇಳಿದ್ದರಿಂದ, ಬಾಯಿಯ ಮುಂದೆ ಕಾಗದದ ಚೂರು ಹಿಡಿದು, ಅದು ಅಲುಗಾಡುವ ತನಕ ‘ಪೆನ್, ಪಾಟ್, ಪೇಪರ್’ ಎಂದು ಊದುತ್ತ ಕೂತಿದ್ದೆವು. ಬಾಗಿಲಲ್ಲಿ ನಿಂತು ನೋಡಿದ ಹೆಡ್‌ಮಾಸ್ಟರು ‘ಏನ್ ಮೇಡಂ, ಪೇಪರ್ ತಿದ್ದಿ ಅಂದ್ರೆ ಪೇಪರ್‌ಗೆ ದೆವ್ವ ಬಿಡಿಸ್ತಿದೀರಾ?’ ಎಂದು ಕೇಳಿ ಹೋದರು. ವಿಮಾನದವರು ಹೇಳಿದ ತೂಕಕ್ಕೆ ಹೊಂದಲೆಂದು ಒಂದು ಕುಕ್ಕರನ್ನು ಇಬ್ಬರೂ ಹಂಚಿಕೊಂಡೆವು: ಪಾತ್ರೆ ಅವಳ ಪೆಟ್ಟಿಗೆಗೆ, ಮುಚ್ಚಳ ನನ್ನದಕ್ಕೆ.

ಇನ್ನು ಆ ಕೆಲಸಕ್ಕೆ ದಾಟಲೇಬೇಕಾಗಿದ್ದ ತಮ್ಮ ಪರೀಕ್ಷೆಯ ವಿಷಯ. ನಿಮಗೆ ಪ್ರಿಯವಾದ ವಸ್ತುವೊಂದರ ಬಗ್ಗೆ ಒಂದು ನಿಮಿಷ ಮಾತಾಡಿ ಎಂದಿರಿ. ನನ್ನ ಮೇಜಿನ ಬಗ್ಗೆ ಮನಸಾರೆ ಹೇಳಿದೆ. ಆಮೇಲೆ ತಾವು ಕೇಳಿಸಿಕೊಂಡದ್ದರ ಅಚ್ಚುಪ್ರತಿಯನ್ನು ಕೈಗಿತ್ತಿರಿ. ನಾನು ‘ಡೆಸ್ಕು’ ಅಂದಲ್ಲೆಲ್ಲ ತಾವು ‘ಡೆಸ್ಕ್, ಯೂ’ ಎಂದು ಬರೆದುಕೊಂಡಿದ್ದಿರಿ. ‘ಬುಕ್ಕು’ ಅಂದಲ್ಲೆಲ್ಲ ‘ಬುಕ್, ಯೂ’. ಪದದ ಕೊನೆಗೆ ನಾನಿಟ್ಟ ಪುಟ್ಟ ‘ಉ’ಕಾರವನ್ನು ತಾವು ‘ನೀನು’ ಎಂದು ತಿಳಿದು, ಹೆಜ್ಜೆಹೆಜ್ಜೆಗೂ ನಾನು ತಮ್ಮನ್ನೇ ಕೂಗುತ್ತಿದ್ದೇನೆಂದು ಪುಳಕಗೊಂಡಂತೆ ಕಾಣುತ್ತದೆ. ಸ್ವಾಮೀ, ಕಟ್ಟಿಕೊಂಡ ಗಂಡನನ್ನೂ ನಾನು ಒಂದು ನಿಮಿಷದಲ್ಲಿ ಅಷ್ಟು ಸಲ ಕರೆದವಳಲ್ಲ. ದೀರ್ಘ ಪಯಣದಲ್ಲಿ ಜೊತೆಗೆ ಯಾರಿರಬೇಕು ಎಂಬ ತಮ್ಮ ಕೊನೆಯ ಪ್ರಶ್ನೆಗೆ ‘ಮೈ ಫ್ರೆಂಡು’ ಎಂದರೆ ಅದನ್ನೂ ‘ಮೈ ಫ್ರೆಂಡ್, ಯೂ’ ಎಂದು ಬರೆದುಕೊಂಡು, ನನ್ನ ಸ್ನೇಹಕ್ಕೆ ತಾವೇ ಹಕ್ಕುದಾರರಾದಿರಿ.

ಆ ‘ಉ’ಕಾರ ದೋಷವಲ್ಲ, ಮರ್ಯಾದೆ ಎಂದು ವಿನಯದಿಂದ ಅರಿಕೆ ಮಾಡುತ್ತೇನೆ. ಪದವನ್ನು ತುಟಿಯಿಂದಾಚೆ ತಳ್ಳಿ, ಎಲ್ಲಾದರೂ ಬೀಳು ಎಂದು ಬಿಟ್ಟುಬರುವುದು ತಮ್ಮ ಪದ್ಧತಿಯಿರಬಹುದು; ನಾವು ಮನೆಯ ಬಾಗಿಲ ತನಕ ಜೊತೆಗೆ ಹೋಗಿ ಕಳಿಸಿ ಬರುವವರು. ‘ಹೀ, ಶೀ, ಇಟ್ಟು, ಎಸ್ಸನು ಕಟ್ಟು, ಐ, ವೀ, ಯೂ, ದೇ, ಎಸ್ಸನು ಬಿಡೇ’ ಎಂದು ನಾನೇ ಕಟ್ಟಿದ ಪದ್ಯ ಹೇಳಿಕೊಂಡು ವ್ಯಾಕರಣ ಕಲಿತ ಮಕ್ಕಳು ಎಷ್ಟೋ ಜನ. ಅದರಿಂದ ‘ಉ’ಕಾರ ಕಿತ್ತರೆ ಪದ್ಯದ ಸೊಂಟ ಮುರಿಯುತ್ತದೆ, ಎಸ್ಸು ಎಲ್ಲೆಲ್ಲೋ ಅಲೆಯುತ್ತದೆ.

ಆದರೂ ತಮ್ಮ ನ್ಯಾಯಪ್ರಜ್ಞೆಯನ್ನು ಹೊಗಳದಿರಲಾರೆ. ನಾನು ತೂಗಿ ಆಡಿದ ಮಾತಿನ ನಡುವಿನ ಬಿಡುವನ್ನು ತಾವು ‘ತಡವರಿಕೆ’ ಎಂದಿರಿ. ತನ್ನ ಕೊಡೆಯ ಬಗ್ಗೆ ಶುರುಮಾಡಿ, ಅಲ್ಲಿಂದ ಅತ್ತಿಗೆಯ ಬೆನ್ನುನೋವಿಗೆ ಹೋಗಿ, ಮರಳಿ ಕೊಡೆಗೆ ಬಾರದೆಯೇ ಸಮಯ ಮುಗಿಸಿದ ರೈಲಿಗೆ ‘ಅತ್ಯುತ್ತಮ ನಿರರ್ಗಳತೆ’ ಎಂದು ಹಸಿರು ಬಾವುಟ ತೋರಿದಿರಿ. ಅವಳು ದಾಟಿದಳು, ನಾನು ಒಂದೇ ಒಂದು ಅಂಕದಿಂದ ಪ್ಲಾಟ್‌ಫಾರ್ಮಿನ ಮೇಲೆ ಉಳಿದೆ. ಮತ್ತೊಮ್ಮೆ ತಮ್ಮ ದರ್ಶನಕ್ಕೆ ಅವಕಾಶವುಂಟಂತೆ, ಆದರೆ ಅಷ್ಟು ಹೊತ್ತಿಗೆ ಆ ಶಾಲೆಯವರು ನನ್ನ ಜಾಗಕ್ಕೆ ಇನ್ನಾರನ್ನೋ ಕೂರಿಸಿರುತ್ತಾರೆ.

ಆದಕಾರಣ ತಮ್ಮಲ್ಲಿ ಕೆಲವು ಬಿನ್ನಹಗಳು. ತಾವು ಒಮ್ಮೆ ನನ್ನ ತರಗತಿಗೆ ದಯಮಾಡಿಸಿ, ಫ್ಯಾನು ಕಿರುಗುಟ್ಟುವಾಗ, ಕಿಟಕಿಯಾಚೆ ಆಟದ ಪೀರಿಯಡ್ಡಿನವರು ಕಿರುಚುವಾಗ, ಭೂತಕಾಲ ಕಲಿಸಿ ತೋರಿಸಬೇಕು. ‘ಅಳಿಲಿನ ಬಾಲಕ್ಕೆ ಎಳೆಬಿಸಿಲು’ ಎಂದು ‘ಳ’ಕಾರ ಜಾರದಂತೆ ಮೂರು ಸಲ ಹೇಳಬೇಕು. ತಪ್ಪಿದರೆ ಒಂದು ಅಂಕ ಕಡಿಮೆ ಕೊಟ್ಟು ಮನೆಗೆ ಕಳಿಸುವ ಭಾಗ್ಯ ನನ್ನದಾಗಬೇಕು. ತಮಗೆ ಮನೆ ಇಲ್ಲವೆಂಬುದು ನನ್ನ ತಪ್ಪಲ್ಲ.

ಇದಿಷ್ಟೂ ಆಗಲಾರದೆಂದರೆ, ಗೆಳತಿಯನ್ನಾದರೂ ತಾವೇ ಕರೆದು ಬುದ್ಧಿ ಹೇಳಬೇಕು. ‘ನೀನಿಲ್ದೆ ಆ ಮನೇಲಿ ನಾನೇನ್ ಗೋಡೆ ಜೊತೆ ಮಾತಾಡ್ಲಾ?’ ಎಂದು ಹಟ ಹಿಡಿದಿದ್ದಾಳೆ. ಅವಳು ಗೋಡೆಯ ಜೊತೆಗೂ ಮಾತಾಡಬಲ್ಲಳು, ಗೋಡೆಯೇ ಸೋಲುತ್ತದೆ ಎಂದರೆ ನಗುವುದಿಲ್ಲ. ನೇರವಾಗಿ ಹೋಗಲ್ಲ ಅನ್ನಲು ಬಾಯಿ ಬಾರದೆ ಕುಕ್ಕರಿನ ನೆಪ ಹಿಡಿದಿದ್ದಾಳೆ. ಮುಚ್ಚಳ ಎಲ್ಲಿಟ್ಟೆನೋ ಸಿಗುತ್ತಿಲ್ಲ ಎಂದು ನಾನು ಹೇಳಿದ್ದೇ ತಡ, ‘ಬರೀ ಪಾತ್ರೆ ತೊಗೊಂಡ್ ಹೋಗಿ ಹೆಲ್ಮೆಟ್ ಥರ ತಲೆಗೆ ಹಾಕ್ಕೊಳ್ಲಾ? ಮುಚ್ಚಳ ಸಿಗೋವರ್ಗೂ ಟಿಕೆಟ್ ಬುಕ್ ಮಾಡಲ್ಲ’ ಎಂದು ಕೂತಿದ್ದಾಳೆ. ಅಲ್ಲಿನ ಶಾಲೆಗೆ ಉತ್ತರ ಕೊಡಲು ಈ ವಾರವೇ ಕಡೆ.

ತಮ್ಮ ಕಿವಿಗೆ ಕನ್ನಡ ಬೀಳದಿದ್ದರೂ ಕಣ್ಣಿಗಾದರೂ ಬೀಳಲೆಂದು ಹಾರೈಸುವ,

ತಮ್ಮ ವಿಶ್ವಾಸಿ, ತಾವು ತಮ್ಮ ಮಿತ್ರೆಯೆಂದು ಬರೆದುಕೊಂಡಿರುವ,
‘ಉ’ಕಾರದ ಮೇಡಂ

ತಾ.ಕ.: ತಾವು ತಪ್ಪಾಗಿ ಬರೆದುಕೊಂಡ ಅಷ್ಟರಲ್ಲೂ ಒಂದು ಸಾಲು ಮಾತ್ರ ತಮ್ಮ ಕೈಮೀರಿ ಸರಿಯಾಗಿದೆ: ‘ಮೈ ಫ್ರೆಂಡ್, ಯೂ.’ ಅದು ತಮಗಲ್ಲ, ಅಷ್ಟೆ. ಯಂತ್ರದವರೇ, ತಾವಿನ್ನು ಹೊರಡಬಹುದು. ಇದನ್ನು ಸ್ಟಾಫ್‌ರೂಮಿನ ಬೋರ್ಡಿಗೆ ಅಂಟಿಸುತ್ತಿರುವುದು ತಾವು ಓದಲೆಂದಲ್ಲ.

ಲೇ ರೈಲು, ಮುಚ್ಚಳ ಕಳೆದಿಲ್ಲ ಕಣೇ. ನನ್ನ ಪೆಟ್ಟಿಗೆಯಲ್ಲೇ ಟವೆಲ್ಲಿನಲ್ಲಿ ಸುತ್ತಿಟ್ಟಂತೆಯೇ ಇದೆ. ಅದು ಕೈಗೆ ಬಂದರೆ ನೀನು ಹೊರಟೇಬಿಡುತ್ತೀ ಎಂದು ಸಿಗುತ್ತಿಲ್ಲ ಅಂದೆ. ನಾಳೆ ತರುತ್ತೇನೆ. ಗ್ಯಾಸ್ಕೆಟ್ಟು ಹೊಸದು ಹಾಕಿದ್ದೇನೆ. ಹೋಗು.