ಕೊಟ್ಟಿಗೆಯಲ್ಲಿ ಬೆಳೆದ ಕಬ್ಬಿಣ

ಮನೆಯಲ್ಲಿ ಒಂದು ವಸ್ತು ಕಳೆದುಹೋದರೆ ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ಮೊದಲು ಹೆಂಡತಿಯನ್ನು ಕೇಳಬೇಕು, ಆಮೇಲೆ ಅಕ್ಕಪಕ್ಕದವರ ಮೇಲೆ ಗುಮಾನಿ ಪಡಬೇಕು, ಕೊನೆಗೆ ಅದು ನಮ್ಮದೇ ಜೇಬಿನಲ್ಲಿ ಸಿಕ್ಕಾಗ ಯಾರಿಗೂ ಹೇಳದೆ ಸುಮ್ಮನಾಗಬೇಕು. ಇದು ತಲೆತಲಾಂತರದಿಂದ ನಡೆದುಬಂದ ಕ್ರಮ. ಆದರೆ ನಮ್ಮದಲ್ಲದ ವಸ್ತುವೊಂದು ತಾನಾಗಿ ಬಂದು ಮನೆಯಲ್ಲಿ ಕೂತಿದ್ದರೆ ಏನು ಮಾಡಬೇಕು? ಇದಕ್ಕೆ ಹಿರಿಯರು ಯಾವ ದಾರಿಯನ್ನೂ ಹೇಳಿಟ್ಟಿಲ್ಲ. ನನ್ನಂಥ ಅನುಮಾನದ ಪ್ರಾಣಿಗೆ ಕಳ್ಳತನಕ್ಕಿಂತ ಇದೇ ಹೆಚ್ಚು ಭಯ ಹುಟ್ಟಿಸಿತು.

ಅನುಮಾನ ನನಗೆ ಹುಟ್ಟೂರಿನಿಂದ ಬಂದ ಬಳುವಳಿ. ನಾನು ಹುಟ್ಟಿ ಬೆಳೆದದ್ದು ಶ್ರೀರಂಗಪಟ್ಟಣದ ಕೋಟೆಯೊಳಗೆ. ಕೋಟೆ ಬಿದ್ದದ್ದು ಹೊರಗಿನವರ ಬಲದಿಂದಲ್ಲ, ಒಳಗಿನವರ ಕೈವಾಡದಿಂದ ಎನ್ನುವ ಮಾತನ್ನು ಅಲ್ಲಿಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕಲಿಯುತ್ತಾರೆ. ಸಾಲದ್ದಕ್ಕೆ ಹೊಟ್ಟೆಪಾಡಿಗೆ ಕೃಷ್ಣರಾಜಪೇಟೆಯಲ್ಲಿ ಮನೆ ಮಾಡಿಕೊಂಡು ಅಲ್ಲಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಒಬ್ಬ ಹೇಳಿದ್ದನ್ನು ಇನ್ನಿಬ್ಬರು ಹೇಳುವವರೆಗೆ ನಂಬಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಅದನ್ನು ನಾನು ಸಂತೆಯಲ್ಲೂ ಪಾಲಿಸುತ್ತೇನೆ. ಬದನೆಕಾಯಿ ಎಳೆಯದು ಎಂದು ಮಾರುವವಳು ಹೇಳಿದರೆ ಪಕ್ಕದ ಅಂಗಡಿಯವಳನ್ನೂ ಒಂದು ಮಾತು ಕೇಳುತ್ತೇನೆ. ಹೀಗಾಗಿ ಸಂತೆಗೆ ಈಗ ನನ್ನ ಹೆಂಡತಿ ಜಯಲಕ್ಷ್ಮಿ ಒಬ್ಬಳೇ ಹೋಗುತ್ತಾಳೆ.

ಪಾಠ ಮಾಡಿ ಬಂದ ಮೇಲೆ ನನಗೊಂದು ಹುಚ್ಚಿದೆ. ಕಬ್ಬಿಣದ ಕೆಲಸ. ನಮ್ಮ ಮನೆಯ ಹಿಂದೆ ಹಿಂದಿನ ಮಾಲೀಕರು ಹಸು ಕಟ್ಟುತ್ತಿದ್ದ ಕೊಟ್ಟಿಗೆಯೊಂದಿದೆ. ಅಲ್ಲಿ ಒಂದು ಗಟ್ಟಿ ಮೇಜು, ಇಕ್ಕಳದಂತೆ ಕಚ್ಚುವ ಒಂದು ವೈಸು, ಒಂದು ವೆಲ್ಡಿಂಗ್ ಯಂತ್ರ, ಒಂದು ಕಟಿಂಗ್ ಯಂತ್ರ ಇಟ್ಟುಕೊಂಡು ಸ್ಟೂಲು, ಹೂಕುಂಡದ ಸ್ಟ್ಯಾಂಡು, ಕಿಟಕಿ ಕೊಂಡಿ ಇಂಥವನ್ನು ಮಾಡುತ್ತೇನೆ. ನಾನು ಮಾಡಿದ ಸ್ಟೂಲಿನ ಮೇಲೆ ನಮ್ಮ ಮನೆಯವರು ಯಾರೂ ಕೂರುವುದಿಲ್ಲ. ಬಂದ ನೆಂಟರು ಗೊತ್ತಿಲ್ಲದೆ ಕೂರುತ್ತಾರೆ. ಅದು ಬೇರೆ ಮಾತು. ನಿಜ ಹೇಳಬೇಕೆಂದರೆ ಮಾಡುವುದಕ್ಕಿಂತ ಸಾಮಾನನ್ನು ಜೋಡಿಸಿಡುವುದರಲ್ಲೇ ನನಗೆ ಹೆಚ್ಚು ಸುಖ. ಪಾಂಡವಪುರದ ಕಬ್ಬಿಣದಂಗಡಿಯಲ್ಲಿ ಉಳಿಕೆ ತುಂಡುಗಳು ಸಿಕ್ಕಿದರೆ ತರುತ್ತೇನೆ. ನಾಗಮಂಗಲಕ್ಕೆ ಮದುವೆಗೆ ಹೋದರೂ ಬರುವಾಗ ಚೀಲದಲ್ಲಿ ತಾಂಬೂಲದ ಜೊತೆ ಹಿತ್ತಾಳೆಯ ಚೂರೊಂದು ಇರುತ್ತದೆ.

ಜೋಡಿಸುವುದಕ್ಕೂ ಒಂದು ಕ್ರಮವುಂಟು. ಉದ್ದನೆಯ ಸರಳು, ಪಟ್ಟಿ, ಆಂಗಲ್ಲುಗಳನ್ನು ಗೋಡೆಗೆ ಬಡಿದ ಕಬ್ಬಿಣದ ಕೈಗಳ ಮೇಲೆ ಮಲಗಿಸಬೇಕು, ಒರಗಿಸಿಟ್ಟರೆ ಬಾಗುತ್ತವೆ. ಗಿಡ್ಡ ತುಂಡುಗಳನ್ನು ಕೊಯ್ದ ಪ್ಲಾಸ್ಟಿಕ್ ಪೈಪುಗಳಲ್ಲಿ ನಿಲ್ಲಿಸಬೇಕು. ತಗಡನ್ನು ಗೋಡೆಗೆ ಒತ್ತಿ ನಿಲ್ಲಿಸಬೇಕು. ಯಾವ ಲೋಹವೆಂದು ತಿಳಿಯಲು ಪ್ರತಿಯೊಂದರ ಒಂದು ತುದಿಗೆ ಬಣ್ಣ ಹಚ್ಚುತ್ತೇನೆ. ಕಬ್ಬಿಣಕ್ಕೆ ಕೆಂಪು, ಹಿತ್ತಾಳೆಗೆ ನೀಲಿ, ಅಲ್ಯೂಮಿನಿಯಮ್ಮಿಗೆ ಹಸಿರು. ಕೊಯ್ಯುವಾಗ ಬಣ್ಣವಿಲ್ಲದ ತುದಿಯಿಂದಲೇ ಕೊಯ್ಯಬೇಕು, ಆಗ ಕೊನೆಯ ಗೇಣಿನವರೆಗೂ ಗುರುತು ಉಳಿಯುತ್ತದೆ. ಇದನ್ನು ಬಂದವರಿಗೆಲ್ಲ ವಿವರಿಸುತ್ತೇನೆ. ಬಂದವರು ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ.

ಒಂದು ಭಾನುವಾರ ಬೆಳಿಗ್ಗೆ ತುಂಡುಗಳ ಮಧ್ಯೆ ಕೈಯಾಡಿಸುತ್ತಿದ್ದಾಗ ತುದಿಗೆ ಬಣ್ಣವಿಲ್ಲದ ವಸ್ತುವೊಂದು ಸಿಕ್ಕಿತು. ತೆಗೆದು ನೋಡಿದರೆ ಮರದ ನೇಗಿಲಿಗೆ ಹಾಕುವ ಕಬ್ಬಿಣದ ಕುಳ. ಮಣ್ಣು ತಿಂದು ತಿಂದು ತುದಿ ಬೆರಳಿನಷ್ಟು ಸಣ್ಣಗಾಗಿತ್ತು. ನಾನು ಜನ್ಮದಲ್ಲಿ ನೇಗಿಲು ಹಿಡಿದವನಲ್ಲ. ಮುಂದಿನ ವಾರ ತಗಡಿನ ಹಿಂದೆ ಹಿತ್ತಾಳೆಯ ಸುರುಳಿ ಕೊಳವೆಯೊಂದು ಬಂದು ಕೂತಿತ್ತು. ಹಳೆಯ ಬಸ್ಸುಗಳಲ್ಲಿ ರಬ್ಬರು ಚೆಂಡು ಅದುಮಿ ಊದಿಸುತ್ತಿದ್ದರಲ್ಲ, ಆ ಹಾರ್ನು. ಇದಾದ ಮೇಲೆ ಕಂಡದ್ದು ಬಾವಿಯ ಪೈಪಿನ ಬುಡಕ್ಕೆ ಹಾಕುವ ಪಂಪ್‌ಸೆಟ್ಟಿನ ಫುಟ್‌ವಾಲ್ವು. ಸುತ್ತಲ ಹಳ್ಳಿಗಳ ಹೊಲಗದ್ದೆಗಳಲ್ಲಿ ಮೋಟಾರಿನ ಕೇಬಲ್ಲು ಕೊಯ್ದುಕೊಂಡು ಹೋಗುತ್ತಿದ್ದಾರೆ ಎನ್ನುವ ಸುದ್ದಿ ಆಗ ಎಲ್ಲ ಹೋಟೆಲುಗಳಲ್ಲೂ ಓಡಾಡುತ್ತಿತ್ತು. ಕದ್ದ ಮಾಲನ್ನು ಬಚ್ಚಿಡಲು ಕಬ್ಬಿಣದ ರಾಶಿಗಿಂತ ಒಳ್ಳೆಯ ಜಾಗ ಯಾವುದಿದೆ? ನಾಳೆ ಪೊಲೀಸರು ಬಂದರೆ ಕೊಟ್ಟಿಗೆ ಯಾರದು ಎಂದು ಕೇಳುತ್ತಾರೆಯೇ ಹೊರತು ಮೇಷ್ಟ್ರ ಬಣ್ಣದ ಕ್ರಮವೇನು ಎಂದು ಕೇಳುವುದಿಲ್ಲ.

ಜಯಲಕ್ಷ್ಮಿಗೆ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತ, "ನಿಮ್ಮ ಕಬ್ಬುಣ ಮರಿ ಹಾಕಿರ್ಬೇಕು ಬುಡಿ" ಎಂದಳು. ಪಂಪ್‌ಸೆಟ್ಟಿನ ಭಾಗವೊಂದು ಮನೆಯಲ್ಲಿ ಸಿಕ್ಕಿತೆಂದರೆ ಯಾವ ಹೆಂಗಸಾದರೂ ಒಂದು ಗಳಿಗೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸುತ್ತಾಳೆ. ಇವಳು ನಿಲ್ಲಿಸಲಿಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೆ. ಸಂಜೆ ಕೊಟ್ಟಿಗೆಯ ನೆಲಕ್ಕೆ ತೆಳ್ಳಗೆ ರಂಗೋಲಿ ಪುಡಿ ಉದುರಿಸಿದೆ, ಹೆಜ್ಜೆ ಗುರುತು ಸಿಗಲೆಂದು. ಬೆಳಿಗ್ಗೆ ನೋಡಿದರೆ ನೆಲ ಕನ್ನಡಿಯಂತಿತ್ತು. "ಯಾರೋ ಪುಡಿ ಚೆಲ್ಲಿದ್ರು, ಗುಡಿಸ್ದೆ" ಎಂದಳು ಜಯಲಕ್ಷ್ಮಿ. ಈ ಮನೆಗೆ ಬಂದಂದಿನಿಂದ ಕೊಟ್ಟಿಗೆಗೆ ಪೊರಕೆ ತಾಗಿಸದವಳು.

ಹೊರಗಿನವರಲ್ಲಿ ನನ್ನ ಗುಮಾನಿ ಪಕ್ಕದ ಮನೆಯ ಪುಟ್ಟಸ್ವಾಮಣ್ಣನ ಮೇಲೆ ಹೋಯಿತು. ಅವರು ಬಸ್ ಡ್ರೈವರಾಗಿದ್ದು ನಿವೃತ್ತರಾದವರು. ಒಳ್ಳೆಯ ಮನುಷ್ಯ. ಆದರೆ ಇತಿಹಾಸದಲ್ಲಿ ಕೇಡು ಮಾಡಿದವರೆಲ್ಲ ಅಲ್ಲಿಯವರೆಗೆ ಒಳ್ಳೆಯವರೇ. ಇತ್ತೀಚೆಗೆ ಅವರು ಗೋಣಿಚೀಲ ಹಿಡಿದು ನಮ್ಮ ಹಿತ್ತಲಿನ ಕಡೆ ಸುಳಿಯುವುದನ್ನು ನಾನು ನೋಡಿದ್ದೆ. ಹೋಗುವಾಗ ಚೀಲ ಭಾರಕ್ಕೆ ಜೋತಾಡುತ್ತಿತ್ತು, ಬರುವಾಗ ಮಡಿಸಿ ಕಂಕುಳಲ್ಲಿರುತ್ತಿತ್ತು. ಅಲ್ಲದೆ ಅವರ ಹಳೆಯ ಮನೆಯ ಮುಂಭಾಗವನ್ನು ಕೆಡವಿ ಅಲ್ಲಿ ಮಹಡಿ ಮನೆ ಏಳುತ್ತಿತ್ತು, ಅವರು ಹಿಂಭಾಗದಲ್ಲೇ ವಾಸವಿದ್ದರು. ಮಗ ಕಟ್ಟಿಸುತ್ತಿದ್ದಾನೆ ಎಂದು ಬೀದಿಯೆಲ್ಲ ಹೇಳುತ್ತಿತ್ತು. ಬೀದಿ ಹೇಳಿದ್ದನ್ನು ನಂಬುವುದು ನಮ್ಮ ಕಸುಬಲ್ಲ.

ನಮ್ಮ ಮನೆಯ ಕೀಲಿಕೈ ಒಂದು ಯಾವಾಗಲೂ ಪುಟ್ಟಸ್ವಾಮಣ್ಣನ ಮನೆಯಲ್ಲಿರುತ್ತಿತ್ತು. ನಾವಿಬ್ಬರೂ ಇಲ್ಲದಾಗ ಹಾಲು ತೆಗೆದಿಡುವುದು, ಗಿಡಕ್ಕೆ ನೀರು ಹಾಕುವುದು ಅವರ ಪಾಲು. ನಾನು ಹೋಗಿ, ನಮ್ಮ ಕೀಲಿಕೈ ಕಳೆದುಹೋಗಿದೆ, ನಿಮ್ಮಲ್ಲಿರುವುದನ್ನು ಕೊಡಿ ಎಂದು ಕೇಳಿದೆ. ಅವರು ಒಂದು ಮಾತೂ ಕೇಳದೆ ತಂದು ಕೊಟ್ಟರು. ನನ್ನ ಮುಖ ನೋಡಲಿಲ್ಲ. ಸುಳಿವು ಸಿಕ್ಕಿತು ಎಂದುಕೊಂಡೆ.

ಮುಂದಿನ ಭಾನುವಾರ, ಮೈಸೂರಿನಲ್ಲಿ ಕೆಲಸವಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಬ್ಯಾಗು ಹಿಡಿದು ಬಸ್ ನಿಲ್ದಾಣದವರೆಗೆ ಹೋದೆ. ಹಿಂದಿನ ಓಣಿಯಿಂದ ಬಂದು ಕೊಟ್ಟಿಗೆ ಸೇರಿ, ಮೂಲೆಯಲ್ಲಿ ಒರಗಿಸಿದ್ದ ತಗಡುಗಳ ಹಿಂದೆ ಕೂತೆ. ತಗಡುಗಳನ್ನು ಅಷ್ಟು ಒತ್ತಾಗಿ ಜೋಡಿಸಬಾರದು ಎನ್ನುವುದು ಅಂದು ತಿಳಿಯಿತು. ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಒಂದು ಜೇಡ ನನ್ನ ಕಿವಿಯ ಮೇಲೆ ಓಡಾಡಿತು. ಹಾಗಿದ್ದೂ ಅಲ್ಲಾಡದೆ ಕೂತೆ.

ಬಿಸಿಲೇರುವ ಹೊತ್ತಿಗೆ ಪುಟ್ಟಸ್ವಾಮಣ್ಣ ಬಂದರು. ಗೋಣಿಚೀಲದಿಂದ ಕಿಟಕಿಯ ಹಳೆಯ ಸರಳುಗಳನ್ನು ಒಂದೊಂದಾಗಿ ತೆಗೆದು, ನಾನು ಇಡುವಂತೆಯೇ ಗೋಡೆಯ ಕೈಗಳ ಮೇಲೆ ಮಲಗಿಸಿದರು. ಆಮೇಲೆ ನನ್ನ ಬಣ್ಣದ ಡಬ್ಬಿ ತೆಗೆದು ಪ್ರತಿಯೊಂದರ ತುದಿಗೂ ಕೆಂಪು ಹಚ್ಚತೊಡಗಿದರು. ಬಣ್ಣವಿರುವ ಎಲ್ಲವೂ ನನ್ನದೆಂದು ನಂಬಿಕೊಂಡು ಬದುಕಿದ್ದವನು ನಾನು.

ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಂದು ನೆರಳು ಬಿತ್ತು. ನೋಡಿದರೆ ಶೀಳನೆರೆಯ ಸಿದ್ದರಾಜು, ಜಯಲಕ್ಷ್ಮಿಯ ತಮ್ಮ. ಹಸು ಸಾಕಿಕೊಂಡಿರುವವನು, ವಾರಕ್ಕೊಮ್ಮೆ ನಮಗೆ ತುಪ್ಪವೋ ತರಕಾರಿಯೋ ತಂದು ಕೊಡುವವನು. ಹೆಗಲ ಮೇಲೆ ಗೋಣಿ ಸುತ್ತಿದ ಉದ್ದನೆಯ ಭಾರವಿತ್ತು.

"ಇವತ್ತೇನ್ಲಾ ತಂದೆ ಸಿದ್ದ?" ಎಂದರು ಪುಟ್ಟಸ್ವಾಮಣ್ಣ.

"ಗಾಡಿ ಅಚ್ಚು ಕಣಣ್ಣ. ನಮ್ಮವಳು ಗುಜರಿಯವನ್ನ ಕರ್ಸ್ಬುಟ್ಟವ್ಳೆ. ಕುಳ, ಫುಟ್‌ವಾಲು ಎರಡ್ನೂ ಆಗ್ಲೇ ಇಲ್ಲಿ ಸೇರ್ಸಿದ್ನಲ್ಲ, ಇದೊಂದು ಉಳ್ಕಂಡಿತ್ತು. ಅಪ್ಪ ಹೊಡೀತಿದ್ದ ಗಾಡಿದು. ಅದ್ನೆಂಗೆ ತೂಕಕ್ಕಾಕದು?"

"ಮಡಗು ಅಲ್ಲಿ. ತುದಿಗೆ ಬಣ್ಣ ಹಚ್ಚು, ಮರೀಬ್ಯಾಡ. ಮೊದ್ಲು ತಂದವಕ್ಕೆ ಹಚ್ಚದೆ ತಪ್ಪಾಗೋಯ್ತು. ಮೇಷ್ಟ್ರಿಗೆ ವಸಿ ಅನುಮಾನ ಬಂದೈತೆ."

"ಭಾವಂಗೆ ಹೇಳ್ಬುಡಾನ ಕಣಣ್ಣ."

"ಹೇಳ್ದ್ರೆ ಯಾವ್ದ ಎಲ್ಲಿ ಮಡಗ್ಬೇಕು ಅಂತ ಮಧ್ಯಾನದ ಗಂಟ ಪಾಠ ಮಾಡ್ತಾರೆ." ಪುಟ್ಟಸ್ವಾಮಣ್ಣ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದರು. "ಮೊನ್ನೆ ಬಂದು ಮನೆ ಕೀ ಈಸ್ಕಂಡೋದ್ರು ಕಣ್ಲಾ. ಕಳ್ದೋಗೈತೆ ಅಂದ್ರು. ಅವ್ರದು ಅವ್ರ ಸೊಂಟದಲ್ಲೇ ನೇತಾಡ್ತಿತ್ತು. ನನ್ನ ಮ್ಯಾಲೆ ಏನೋ ಬಂದೈತೆ ಅವ್ರ ಮನ್ಸಿಗೆ. ಕೊಟ್ಟ ಕೀ ನಮ್ಮ ದೇವ್ರ ಗೂಡಿನ ಪಕ್ಕ ಮೊಳೇಲಿ ಇರದು. ಈಗ ಕೈಮುಗ್ಯಾಕೆ ಹೋದ್ರೆ ಕಣ್ಣು ಅಲ್ಲಿಗೇ ಹೋಯ್ತದೆ."

ನನಗೆ ಈಗ ತಗಡಿನ ಹಿಂದಿನಿಂದ ಹೊರಗೆ ಬರಲೂ ಆಗದು, ಇರಲೂ ಆಗದು. ಇಬ್ಬರೂ ಹೊರಟುಹೋಗಲಿ, ಆಮೇಲೆ ಮೈಸೂರಿನಿಂದ ಬಂದವನಂತೆ ಮುಂಬಾಗಿಲಿನಿಂದ ಬರೋಣ ಎಂದು ಲೆಕ್ಕ ಹಾಕುತ್ತಿದ್ದೆ. ಆಗ ಜಯಲಕ್ಷ್ಮಿ ತಟ್ಟೆಯಲ್ಲಿ ಕಾಫಿ ಹಿಡಿದು ಬಂದಳು. ಇಬ್ಬರಿಗೂ ಕೊಟ್ಟಳು. ತಟ್ಟೆಯಲ್ಲಿ ಇನ್ನೊಂದು ಲೋಟ ಉಳಿಯಿತು.

"ಇದ್ಯಾರಿಗಕ್ಕ?" ಎಂದ ಸಿದ್ದರಾಜು.

"ತಗಡಿನ ಹಿಂದೆ ಕೂತವ್ರಲ್ಲ, ಅವ್ರಿಗೆ. ಹಿಂದ್ಲು ಓಣಿಯಿಂದ ನುಗ್ಗಿ ಬಂದ್ರು, ಅಡಿಗೆಮನೆ ಕಿಟ್ಕಿಲಿ ನೋಡ್ದೆ. ಮೈಸೂರಿಂದ ಬಂದು ದಣ್ದವ್ರೆ."

ಎದ್ದು ಬಂದೆ. ಎದ್ದು ಬಂದೆ ಎನ್ನುವುದು ಮಾತಿಗೆ. ಮಂಡಿ ಹಿಡಿದುಕೊಂಡಿದ್ದರಿಂದ ಸಿದ್ದರಾಜು ಕಂಕುಳಿಗೆ ಕೈಕೊಟ್ಟು ಎಳೆಯಬೇಕಾಯಿತು. ತಲೆ ತುಂಬ ಜೇಡರ ಬಲೆ, ಬೆನ್ನು ತುಂಬ ತುಕ್ಕು. ಅವರು ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಪುಟ್ಟಸ್ವಾಮಣ್ಣ ಕುಂಚ ಹಿಡಿದ ಕೈಯನ್ನು ಹಿಂದಕ್ಕೆ ಅಡಗಿಸಿಕೊಂಡು ನಿಂತಿದ್ದರು. ಹಾರ್ನು ಅವರು ಮೊದಲು ಓಡಿಸಿದ ಬಸ್ಸಿನದಂತೆ. ಆ ಬಸ್ಸನ್ನು ಬಿಚ್ಚಿ ಮಾರಿದ ದಿನ ಮಾಲೀಕರನ್ನು ಕೇಳಿ ತೆಗೆದುಕೊಂಡದ್ದಂತೆ. ಸರಳುಗಳು ಕೆಡವಿದ ಮನೆಯ ಕಿಟಕಿಯವಂತೆ. ಹೊಸ ಮನೆಗೆ ಹಳೆಯದೊಂದೂ ಬೇಡ ಎಂದು ಮಗ ಹೇಳಿದ್ದನಂತೆ.

"ನನ್ನನ್ನು ಒಂದು ಮಾತು ಕೇಳಬಾರದಿತ್ತೇ ಅಣ್ಣ?" ಎಂದೆ.

"ಕೇಳ್ದ್ರೆ, ಇದ್ಯಾತಕ್ಕೆ ಬತ್ತದೆ ಅಂತಿದ್ರಿ. ಯಾತಕ್ಕೂ ಬರಲ್ಲ ಮೇಷ್ಟ್ರೇ. ಅದಕ್ಕೇ ಕೇಳ್ನಿಲ್ಲ."

ಕಾಫಿ ಕುಡಿದೆ. ಆರಿತ್ತು. ಸಂಜೆ ಕೀಲಿಕೈ ಹಿಡಿದು ಪಕ್ಕದ ಮನೆಗೆ ಹೋದೆ. ಏನು ಹೇಳಬೇಕೆಂದು ದಾರಿಯಲ್ಲೇ ಎರಡು ಮೂರು ವಾಕ್ಯ ಜೋಡಿಸಿಕೊಂಡಿದ್ದೆ. ಅವನ್ನು ಹೇಳುವ ಮೊದಲೇ ಅವರು ಕೈಚಾಚಿ ಈಸಿಕೊಂಡು, "ನಾಳೆ ಹಾಲು ಎಷ್ಟು ಹಾಕಿಸ್ಬೇಕು?" ಎಂದರು. ನಾಳೆ ನಾವೆಲ್ಲೂ ಹೋಗುವವರಿರಲಿಲ್ಲ.

ಈಗ ಕೊಟ್ಟಿಗೆಯ ಒಂದು ಗೋಡೆಯನ್ನು ಅವರಿಬ್ಬರಿಗೇ ಬಿಟ್ಟುಕೊಟ್ಟಿದ್ದೇನೆ. ಅಲ್ಲಿರುವುದನ್ನು ಕೊಯ್ಯುವಂತಿಲ್ಲ, ಬಡಿಯುವಂತಿಲ್ಲ, ತುಕ್ಕು ಹಿಡಿಯದಂತೆ ಎಣ್ಣೆ ಸವರಬೇಕು, ಅಷ್ಟೆ. ಪುಟ್ಟಸ್ವಾಮಣ್ಣ ದಿನವೂ ಬಂದು ಹಾರ್ನನ್ನು ಪಂಚೆಯ ಚುಂಗಿನಿಂದ ಒರೆಸಿ ಹೋಗುತ್ತಾರೆ. ಎಲ್ಲವೂ ಸರಿಹೋಯಿತು ಎಂದುಕೊಂಡು ನೆಮ್ಮದಿಯಾಗಿದ್ದೆ.

ಹೋದ ವಾರ ಸಿದ್ದರಾಜು ಬಂದ. ತುಪ್ಪದ ಡಬ್ಬಿ ಅಕ್ಕನ ಕೈಗಿಟ್ಟು ನೇರವಾಗಿ ಕೊಟ್ಟಿಗೆಗೆ ನಡೆದ. ಅಪ್ಪನ ಗಾಡಿಯ ಅಚ್ಚನ್ನು ಕೆಳಗಿಳಿಸಿ ಈ ತುದಿಯಿಂದ ಆ ತುದಿಗೆ ಗೇಣು ಹಾಕಿದ. ಇನ್ನೊಮ್ಮೆ ಹಾಕಿದ.

"ಭಾವ, ಇದು ವಸಿ ಗಿಡ್ಡಾದಂಗೆ ಕಾಣ್ತದಲ್ಲ?"

"ಕಬ್ಬಿಣ ಎಲ್ಲಾದರೂ ಗಿಡ್ಡವಾಗುತ್ತದೇನಪ್ಪ?" ಎಂದೆ.

"ಅಂಗಲ್ಲ, ಕೇಳ್ದೆ" ಎಂದವನು ಕಟಿಂಗ್ ಯಂತ್ರದ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿಯನ್ನು ಬೆರಳಿಂದ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅದು ಪಾಂಡವಪುರದಿಂದ ತಂದ ಸರಳನ್ನು ಕೊಯ್ದ ಪುಡಿ ಎಂದೆ. ಅವನು ತಲೆಯಾಡಿಸಿದ. ನಾನು ಅದನ್ನೇ ಮತ್ತೊಮ್ಮೆ ಹೇಳಿದೆ. ಎರಡನೆಯ ಸಲ ನನ್ನ ದನಿ ನನಗೇ ಸುಳ್ಳು ಹೇಳುವವನದಂತೆ ಕೇಳಿಸಿತು. ಹೋಗುವ ಮುಂಚೆ ಅಡಿಗೆಮನೆಯಲ್ಲಿ ಅಕ್ಕನೊಡನೆ ಏನೋ ಮೆಲ್ಲಗೆ ಮಾತಾಡಿದ. ಏನೆಂದು ಕೇಳಿದರೆ ಜಯಲಕ್ಷ್ಮಿ ಹೇಳುತ್ತಿಲ್ಲ. ನಾನು ದೇವರಾಣೆಗೂ ಆ ಅಚ್ಚನ್ನು ಮುಟ್ಟಿಲ್ಲ. ಆದರೆ ಸಿದ್ದರಾಜುವಿನ ಜಾಗದಲ್ಲಿ ನಾನಿದ್ದು, ನನ್ನಂಥವನೊಬ್ಬ ಎದುರಿಗೆ ನಿಂತು ಈ ಮಾತು ಹೇಳಿದ್ದರೆ, ಖಂಡಿತ ನಂಬುತ್ತಿರಲಿಲ್ಲ.