ಕಾರವಾರದವರೆಗೆ ಕೈ ಹಿಡಿದು

ಗಾಜನೂರು ಡ್ಯಾಮಿನ ಹತ್ತಿರ ನಿಂತು ಮಧುಶ್ರೀ "ನೀರು ಎಷ್ಟು ಚೆಂದ ಅಲ್ವೇನ್ರೀ?" ಅಂದಾಗ ಅವಳ ಗಂಡ ಯೋಗರಾಜ "ಹೂಂ" ಅಂದಿದ್ದರೆ ಸಾಕಿತ್ತು. ಹೆಂಡತಿ ಖುಷಿಪಡಲಿ ಎಂದು "ಒಂದ್ಸಲ ಬೋಟಲ್ಲಿ ಸಮುದ್ರ ಸುತ್ತಬೇಕು ಮಾರಾಯ್ತಿ" ಎಂದುಬಿಟ್ಟ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಮಾರಪ್ಪ, ಹಾಲಮ್ಮ ದಂಪತಿಯ ಕಿವಿ ನೆಟ್ಟಗಾಯಿತು.

ಭದ್ರಾವತಿಯ ಫೌಂಡ್ರಿಯಲ್ಲಿ ಕರಗಿದ ಕಬ್ಬಿಣದ ಮುಂದೆ ಇಪ್ಪತ್ತು ವರ್ಷ ನಿಂತ ಯೋಗರಾಜನಿಗೆ ಬೆಂಕಿಯ ಭಯವಿರಲಿಲ್ಲ. ನೀರು ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಇದನ್ನವನು ಹೆಂಡತಿಗೂ ಹೇಳಿರಲಿಲ್ಲ.

ಅವರ ಮದುವೆಯ ಇಪ್ಪತ್ತೈದನೇ ವರ್ಷದ ದಿನ ಬೆಳಗಾಗುತ್ತಲೇ ಮಾರಪ್ಪನ ವ್ಯಾನು ಬಾಗಿಲಿಗೆ ಬಂತು.

"ಹತ್ತು ಯೋಗಣ್ಣ! ಹೊನ್ನಾವರದಲ್ಲಿ ನನ್ನ ಫ್ರೆಂಡಿನ ಸ್ವಂತ ಬೋಟಿದೆ. ಕಾರವಾರದ ತನಕ ಸವಾರಿ!"

"ಮಳೆ ಬರ್ತಿದೆಯಲ್ಲ ಮಾರಪ್ಪಣ್ಣ..."

"ಮಳೇಲೇ ಮಜಾ ಮಾರಾಯ!"

ಮಧುಶ್ರೀ ನಗುತ್ತಿದ್ದಳು. ಪಾಪ, ಅವಳಾಸೆ ಎಂದುಕೊಂಡು ಯೋಗರಾಜ ಹತ್ತಿದ.

ಬೋಟು ಹೊಳೆಯ ಅಳಿವೆ ದಾಟಿ ಕಡಲಿಗೆ ಇಳಿದದ್ದೇ ತಡ, ಮೊರದಲ್ಲಿ ಹಾಕಿ ಕೇರಿದ ಅಕ್ಕಿಯಂತೆ ಎಲ್ಲರೂ ಎಗರಾಡಿದರು. ಯೋಗರಾಜನ ಹೊಟ್ಟೆಗೆ ಲೈಫ್ ಜಾಕೆಟ್ಟಿನ ಬೆಲ್ಟು ಎಟುಕಲಿಲ್ಲ. ಹಾಲಮ್ಮ ಬುತ್ತಿಗಂಟಿನ ಬಟ್ಟೆ ಬಿಚ್ಚಿ ಬಿಗಿದಳು. ಕೊಡೆ ಉಲ್ಟಾ ಆಗಿ ದತ್ತೂರಿ ಹೂವಿನಂತೆ ಅರಳಿ ಹಾರಿಹೋಯಿತು. ಬೆಳಗ್ಗೆ ತಿಂದ ಇಡ್ಲಿಗಳು ಒಂದೊಂದಾಗಿ ಅರಬ್ಬೀ ಸಮುದ್ರ ಸೇರಿದವು. ಕೊನೆಗೆ ಗಂಡ ಹೆಂಡತಿ ಕಣ್ಣು ಮುಚ್ಚಿ, ತಲೆಗೆ ತಲೆ ಆನಿಸಿ, ಪರಸ್ಪರ ಕೈ ಹಿಡಿದು ಕೂತರು.

"ಈ ವಯಸ್ಸಲ್ಲೂ ಹೆಂಗೆ ಅಂಟ್ಕೊಂಡು ಕೂತಿದಾರೆ ನೋಡ್ರೀ!" ಎಂದು ಹಾಲಮ್ಮ ವಿಡಿಯೊ ತೆಗೆದು ಬೀದಿಯವರಿಗೆಲ್ಲ ಕಳಿಸಿದಳು.

ಸಂಜೆ ಕಾರವಾರದಲ್ಲಿ ಇಳಿದವನೇ ಯೋಗರಾಜ ಒದ್ದೆ ಮರಳಿನ ಮೇಲೆ ಕುಸಿದ. ಮಾರಪ್ಪ ದಂಪತಿ ಟೀ ಕುಡಿಯಲು ಹೋಗಿದ್ದರು.

"ನನಗೆ ನೀರಂದ್ರೆ ಭಯ ಕಣೇ. ನಿನಗೋಸ್ಕರ ಬಂದೆ."

"ನನಗೋಸ್ಕರಾನಾ? ನಾನು ಬಂದಿದ್ದು ನಿಮಗೋಸ್ಕರ! ನಾನು ಬಾವಿ ಬಗ್ಗಿ ನೋಡಿದೋಳೂ ಅಲ್ಲ ರೀ!"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿಜ ಹೇಳಿ ಶಿವಮೊಗ್ಗದ ಬಸ್ಸು ಹತ್ತುವುದೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಮಾರಪ್ಪ ಫೋನು ಹಿಡಿದು ಓಡಿಬಂದ. ಪರದೆಯ ತುಂಬ ಬೀದಿಯ ಜನ. ಮುಂದೆ ಎಲ್ಲರಿಗೂ ಹಿರಿಯಳಾದ ಶೇಷಮ್ಮಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನಿಮ್ಮಿಬ್ಬರನ್ನ ನೋಡಿ ಎದೆ ತುಂಬಿ ಬಂತು ಕಣವ್ವ. ಅದಕ್ಕೇ ನಾವೆಲ್ಲ ಸೇರಿ ಇನ್ನೊಂದು ಉಡುಗೊರೆ ಮಾಡಿದೀವಿ."

"ಬೋಟು ಗೋವಾಕ್ಕೆ, ಮೂರು ದಿನ!" ಎಂದ ಮಾರಪ್ಪ. "ನಾವು ಬಸ್ಸಲ್ಲಿ ಊರಿಗೆ ಹೋಗ್ತೀವಿ. ನಿಮ್ಮ ಮಧ್ಯೆ ನಾವ್ಯಾಕೆ?"

ಯೋಗರಾಜ ಬಾಯಿ ತೆರೆದ. ಅಜ್ಜಿಯ ಮುಖ ನೋಡಿ ಮುಚ್ಚಿದ. ಮಧುಶ್ರೀ ಫೋನಿಗೆ ಕೈ ಮುಗಿದು, "ತುಂಬಾ ಸಂತೋಷ ಆಯ್ತಜ್ಜಿ" ಅಂದಳು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

ಬೋಟಿನವನು ಬಂದು ಕೇಳಿದ: "ಮೂರು ದಿನಕ್ಕೆ ಮೀನು ತಗೊಳ್ಳಲಾ ಸಾರ್?"

"ಬೇಡ ಮಾರಾಯ," ಎಂದ ಯೋಗರಾಜ, "ಎರಡು ಬಕೆಟ್ ತಗೊ."