ಯಾರನ್ನೂ ಕೇಳಕೂಡದು

ಆಯುಧ ಪೂಜೆಗೆ ಲಾರಿ ತೊಳೀಲಿ, ಸ್ಕೂಟರ್ ತೊಳೀಲಿ, ಬೇಡ ಅನ್ನೋರು ಯಾರು? ಆದರೆ ಲೈಬ್ರರಿಯನ್ನೂ ಒಂದು ಕೈ ನೋಡಿಬಿಡೋಣ ಅಂತ ಬೈರಯ್ಯನ ತಲೆಗೆ ಬಂತಲ್ಲ, ಅಲ್ಲಿಂದಲೇ ಸತ್ಯವತಿಯ ಗ್ರಹಚಾರ ಶುರುವಾಯಿತು.

ಸತ್ಯವತಿ ರಾಜಾಜಿನಗರದ ಒಂದು ಮೆಡಿಕಲ್ ಕಾಲೇಜಿನ ಲೈಬ್ರೇರಿಯನ್. ಬೈರಯ್ಯ ಅಲ್ಲಿನ ಅಟೆಂಡರ್. ಆ ಕಾಲೇಜಿನಲ್ಲಿ ಕಾರ್ಡು ನೋಡಿ ಪುಸ್ತಕ ಹುಡುಕುವ ಪದ್ಧತಿಯೇ ಇರಲಿಲ್ಲ. "ಬೈರಣ್ಣಾ, ಕಾಮಾಲೆ!" ಅಂತ ಕೂಗಿದರೆ ಸಾಕು, ಕಾಮಾಲೆಯ ಪುಸ್ತಕ ಕೈಗೆ ಬರುತ್ತಿತ್ತು. ಆರು ವರ್ಷದಿಂದ ಇದನ್ನು ನೋಡಿ ನೋಡಿ ಸತ್ಯವತಿಗೆ ಮೈ ಉರಿಯುತ್ತಿತ್ತು. ನಾಲ್ಕು ಸಾವಿರ ಕಾರ್ಡು ಅವಳೇ ಕೈಯಾರೆ ಬರೆದದ್ದು. ಅವುಗಳ ಮೇಲೆ ಜೇಡ ಸಂಸಾರ ಹೂಡಿತ್ತು.

ವಾರಕ್ಕೊಂದು ಪೀರಿಯಡ್ ಕೊಡಿ, ಹುಡುಕೋದು ಹೇಗೆ ಅಂತ ಕಲಿಸ್ತೀನಿ ಅಂತ ಅವಳು ಹದಿನೇಳು ಅರ್ಜಿ ಹಾಕಿದ್ದಳು. ಎಮರ್ಜೆನ್ಸಿ ಹೋಗಿ ಆರೇಳು ತಿಂಗಳಾಗಿತ್ತು, ಪ್ರಿನ್ಸಿಪಾಲ್ ಗೋಪೀನಾಥರ ಎಮರ್ಜೆನ್ಸಿ ಮಾತ್ರ ಹೋಗಿರಲಿಲ್ಲ.

"ಕೇಳಿದ್ರೆ ಸಿಗೋದನ್ನ ಹುಡುಕೋದ್ಯಾಕಮ್ಮ?" ಅಂದರು ಅವರು.

"ಸಾರ್, ಈ ಹುಡುಗರು ನಾಳೆ ಮಲ್ಲತ್ತಹಳ್ಳಿ ಕಡೆ ಡಾಕ್ಟರಾಗಿ ಹೋಗ್ತಾರೆ. ಹಾವು ಕಚ್ಚಿದವನನ್ನ ಮುಂದೆ ಮಲಗಿಸ್ಕೊಂಡು ಬೈರಣ್ಣಾ ಅಂತ ಕೂಗಿದ್ರೆ ಇವನು ಅಲ್ಲಿಗೂ ಓಡಿ ಬರ್ತಾನಾ?"

ಪ್ರಿನ್ಸಿಪಾಲರು ಕನ್ನಡಕ ತೆಗೆದರು. "ಸರಿ. ಹಬ್ಬ ಕಳೆದ ಸೋಮವಾರ ಹನ್ನೊಂದು ಗಂಟೆಗೆ ನಾನೇ ಬರ್ತೀನಿ. ಹುಡುಗರು ಯಾರನ್ನೂ ಕೇಳದೆ ಐದು ನಿಮಿಷದಲ್ಲಿ ಪುಸ್ತಕ ತಂದ್ರೆ ಪೀರಿಯಡ್ ಮಂಜೂರು. ಇಲ್ಲದಿದ್ರೆ ಹದಿನೆಂಟನೇ ಅರ್ಜಿ ಬರೀಬೇಡಿ."

ಸೋಮವಾರ ಒಂಬತ್ತಕ್ಕೆ ಬಾಗಿಲು ತೆಗೆದ ಸತ್ಯವತಿ ಹೊಸ್ತಿಲಲ್ಲೇ ನಿಂತುಬಿಟ್ಟಳು. ಕೆಂಪು ರಟ್ಟಿನವೆಲ್ಲ ಒಂದು ಬೀರು, ಹಸಿರೆಲ್ಲ ಇನ್ನೊಂದು. ದೊಡ್ಡವು ಹಿಂದೆ, ಚಿಕ್ಕವು ಮುಂದೆ, ಥೇಟ್ ದಸರಾ ಗೊಂಬೆಗಳ ಹಾಗೆ. ಒಂದೊಂದಕ್ಕೂ ಕುಂಕುಮ ಬೇರೆ.

"ಎಂಗೈತೆ ಅಮ್ಮಾವ್ರೇ?" ಅಂದ ಹಿಂದೆಯೇ ಬಂದ ಬೈರಯ್ಯ. "ಎಲ್ಲಾ ಇಳಿಸಿ, ಒರೆಸಿ, ಲಕ್ಷಣವಾಗಿ ಜೋಡ್ಸಿವ್ನಿ."

"ಅಯ್ಯೋ ನಿನ್ನ ಮನೆ ಕಾಯ್ವಾಗ! ಕಾರ್ಡಿನಲ್ಲಿ ಒಂದು ಬೀರು, ಪುಸ್ತಕ ಇನ್ನೊಂದು ಬೀರು! ನಾನೀಗ ಏನಯ್ಯಾ ಮಾಡ್ಲಿ?"

ಗಲಾಟೆ ಕೇಳಿ ಹೆಡ್ ಕ್ಲಾರ್ಕ್ ವೆಂಕಟಗಿರಿ ಕಾಫಿ ಲೋಟದ ಸಮೇತ ಬಂದರು. "ಬಿಡಿ ಮೇಡಂ, ನೋಡೋಕೆ ಲಕ್ಷಣವಾಗಿದೆ. ಪ್ರಿನ್ಸಿಪಾಲರಿಗೆ ಖುಷಿಯಾಗತ್ತೆ." ಆ ಕಾಫಿಯನ್ನು ಅವರ ತಲೆಗೇ ಸುರಿಯುವಷ್ಟು ಸಿಟ್ಟು ಬಂತು ಅವಳಿಗೆ.

ಎರಡು ಗಂಟೆಯಲ್ಲಿ ನಾಲ್ಕು ಸಾವಿರ ಪುಸ್ತಕ ಆಗುವ ಮಾತೇ? ಸತ್ಯವತಿ ಹಲ್ಲು ಕಚ್ಚಿಕೊಂಡು ಒಂದು ಉಪಾಯ ಮಾಡಿದಳು. ಪರೀಕ್ಷೆಗೆ ತಾನು ಕೇಳುವ ಪ್ರಶ್ನೆ ಐದೇ ತಾನೇ? ಆ ಐದು ಪುಸ್ತಕ ಮಾತ್ರ ಕಾರ್ಡು ಹೇಳಿದ ಜಾಗದಲ್ಲಿದ್ದರೆ ಸಾಕು. ಅವನ್ನು ಹುಡುಕೋಕೆ ಬೈರಯ್ಯನನ್ನೇ ಕೇಳಬೇಕಾಯಿತು. ಬೈರಯ್ಯ ಎರಡೇ ನಿಮಿಷದಲ್ಲಿ ತಂದುಕೊಟ್ಟ. ಅದಕ್ಕೂ ಅವಳಿಗೆ ಉರಿಯಿತು.

ಹನ್ನೊಂದಕ್ಕೆ ಪ್ರಿನ್ಸಿಪಾಲರು ಗಡಿಯಾರ ಹಿಡಿದು ಕೂತರು. ಸತ್ಯವತಿ ವಿದ್ಯಾರ್ಥಿಗಳಿಗೆ ಹೇಳಿದಳು: "ಕಾಯಿಲೆ ಹೆಸರಿನ ಕಾರ್ಡು ತೆಗೀರಿ, ನಂಬರು ಓದಿ, ಆ ಬೀರುವಿಗೆ ಹೋಗಿ. ಯಾರನ್ನೂ ಕೇಳಕೂಡದು. ನೀವೇ ಹುಡುಕಿ ಕಲೀಬೇಕು."

ಒಂದು, ಎರಡು, ಮೂರು, ನಾಲ್ಕು, ಐದು. ಐದೂ ಪುಸ್ತಕ ಮೇಜಿನ ಮೇಲೆ ಬಂದವು! ಆರು ವರ್ಷದ ಅವಮಾನ ತೊಳೆದು ಹೋದ ಹಾಗಾಯಿತು ಅವಳಿಗೆ.

"ಭೇಷ್! ಈಗ ನನ್ನದೊಂದು ಪ್ರಶ್ನೆ," ಅಂದರು ಪ್ರಿನ್ಸಿಪಾಲರು. "ನೀವೇ ಅವತ್ತು ಹೇಳಿದ್ರಲ್ಲ, ಹಾವು ಕಡಿತ."

ಸತ್ಯವತಿ ಜೋಡಿಸಿಟ್ಟ ಐದರಲ್ಲಿ ಅದು ಇರಲಿಲ್ಲ. ನಾಣಿ ಅನ್ನೋ ಹುಡುಗ ಸರಿಯಾಗಿಯೇ ಕಾರ್ಡು ತೆಗೆದ, ಸರಿಯಾಗಿಯೇ ಹನ್ನೆರಡನೇ ಬೀರುವಿಗೆ ಹೋದ. ಅಲ್ಲಿ ಬರೀ ನೀಲಿ ರಟ್ಟು, ಕಣ್ಣಿನ ಕಾಯಿಲೆಯಿಂದ ಹೆರಿಗೆಯವರೆಗೆ. ಐದು ನಿಮಿಷ ಕಳೆಯಿತು, ಆರಾಯಿತು. ನಾಣಿಯ ಬೆವರು ಕಾರ್ಡಿನ ಮೇಲೆ ತೊಟ್ಟಿಕ್ಕಿತು.

ಬೈರಯ್ಯನಿಗೆ ನೋಡಲಾಗಲಿಲ್ಲ. "ಕಿಟಕಿ ಪಕ್ಕ, ಹಸಿರು ರಟ್ಟು, ಸೊಂಟದ ಎತ್ತರ ಕಣಪ್ಪೋ!"

ಅರ್ಧ ನಿಮಿಷದಲ್ಲಿ ಪುಸ್ತಕ ಬಂತು.

ಪ್ರಿನ್ಸಿಪಾಲರು ಗಡಿಯಾರ ನೋಡಿದರು, ಬೈರಯ್ಯನನ್ನು ನೋಡಿದರು, ಎದ್ದು ಹೋದರು. ನಾಲ್ಕು ಗಂಟೆಗೆ ವೆಂಕಟಗಿರಿ ಆರ್ಡರ್ ತಂದರು. ಪೀರಿಯಡ್ ಮಂಜೂರು! ಸತ್ಯವತಿ ಕಣ್ಣಿಗೊತ್ತಿಕೊಂಡು ಮುಂದಿನ ಸಾಲು ಓದಿದಳು: 'ಪ್ರತಿ ಸೋಮವಾರ ಸದರಿ ತರಗತಿಯನ್ನು ಅಟೆಂಡರ್ ಶ್ರೀ ಬೈರಯ್ಯನವರು ತೆಗೆದುಕೊಳ್ಳತಕ್ಕದ್ದು. ಲೈಬ್ರೇರಿಯನ್‌ರವರು ಎಲ್ಲಾ ಕಾರ್ಡುಗಳಲ್ಲಿ ಪುಸ್ತಕದ ಬಣ್ಣ ಹಾಗೂ ಎತ್ತರವನ್ನು ನಮೂದಿಸತಕ್ಕದ್ದು.'

"ಅನ್ಯಾಯ! ಶುದ್ಧ ಅನ್ಯಾಯ!" ಅಂತ ಅವಳು ಕೂಗಾಡಿದಳು. ಕೇಳೋರು ಯಾರು? ಕಡೆಗೆ ಮೂಗು ಒರೆಸಿಕೊಂಡು, ಪೆನ್ನು ಹಿಡಿದು, ಮೊದಲನೇ ಕಾರ್ಡು ಎತ್ತಿಕೊಂಡಳು.

"ಬೈರಯ್ಯ, ಈ ಪುಸ್ತಕ ಯಾವ ಬಣ್ಣದ್ದಯ್ಯಾ?"

ಬೈರಯ್ಯ ಬೋರ್ಡು ಒರೆಸುತ್ತಿದ್ದವನು ತಿರುಗಿದ. "ಹೇಳ್ಬೋದಿತ್ತು ಅಮ್ಮಾವ್ರೇ. ಆದ್ರೆ ಈಗ ನಾನೂ ಮೇಷ್ಟ್ರಲ್ವಾ? ಯಾರನ್ನೂ ಕೇಳಕೂಡದು. ನೀವೇ ಹುಡುಕಿ ಕಲೀಬೇಕು."